ಬೇಸ್ ಗಿಟಾರ್ ಶೋಗೆ ಒಯ್ಯುವ ಮುಂಚೆ

ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಇರಲಿ, ಬೆಂಗಳೂರಿನ ಪಬ್ ಇರಲಿ, ದುಡ್ಡು ಮೊದಲು ದೊಡ್ಡ ಆಂಪ್‌ಗೆ ಸುರಿಯಬೇಡಿ. ಒಂದು ಒಳ್ಳೆಯ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ ಮಿಕ್ಸರ್‌ಗೆ ಹೊಂದುವಂತೆ ಮಾಡುವ ಪುಟ್ಟ ಡಬ್ಬಿ) ತೆಗೆದುಕೊಳ್ಳಿ. ಅದರಿಂದ ನೇರ ಮಿಕ್ಸರ್‌ಗೆ ಕೇಬಲ್ ಹೋದರೆ ಜನಕ್ಕೆ ಕೇಳಿಸೋದು ಪಿಎ ಸ್ಪೀಕರ್‌ನಿಂದ (ಜನರ ಕಡೆ ಇಟ್ಟ ದೊಡ್ಡ ಸ್ಪೀಕರ್), ನಿಮ್ಮ ಆಂಪ್ ಬರೀ ನಿಮ್ಮ ಕಿವಿಗೆ. ಗುಂಯ್ ಅಂತ ಸದ್ದು ಬಂದರೆ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಆಂಪ್ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕೀಳಬೇಡಿ, ಪ್ರಾಣಕ್ಕೇ ಕುತ್ತು.

5 ತಂತಿ ಬೇಕಾ? ಗಾಯಕರು ಹಾಡಿಗೊಂದು ಶ್ರುತಿ ಕೇಳುವ ಕಡೆ ಉಪಯೋಗ. ಉಳಿದಂತೆ 4 ಸಾಕು ಅನ್ನೋದು ನನ್ನ ಮಾತು.

ಈಗ ಸೆಟಪ್. ಹೊಸ ತಂತಿ ಹಾಕಿ, 45ರಿಂದ 105ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಆದರೆ ಎಲ್ಲದಕ್ಕೂ ಆಗುತ್ತೆ, ಟ್ಯೂನ್ ಮಾಡಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ನೆಕ್ ಬಾಡಿಗೆ ಸೇರುವ ಕಡೆಯೂ ಒಟ್ಟಿಗೆ ಒತ್ತಿ ಹಿಡಿದು 7ನೇ ಫ್ರೆಟ್ ಹತ್ತಿರ ನೋಡಿ: ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಸಾಕು. ಜಾಸ್ತಿಯಿದ್ದರೆ ಟ್ರಸ್ ರಾಡನ್ನು (ನೆಕ್ ಒಳಗಿನ, ಅದರ ಬಾಗು ಸರಿಮಾಡುವ ಕಂಬಿ) ಕಾಲು ಸುತ್ತಿಗಿಂತ ಕಮ್ಮಿ ಬಿಗಿ ಮಾಡಿ, ಮತ್ತೆ ಟ್ಯೂನ್ ಮಾಡಿ ನೋಡಿ. ಅವಸರ ಬೇಡ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ 2ರಿಂದ 2.5 ಮಿಲಿಮೀಟರ್ ಇರಲಿ. ಮಂಗಳೂರಿನ ಮಳೆಗಾಲದ ತೇವಕ್ಕೆ ನೆಕ್ ಬಾಗಬಹುದು, ಟ್ರಸ್ ರಾಡ್ ತಿರುಗಿಸುವ ಅಲೆನ್ ಕೀ ಬ್ಯಾಗಲ್ಲೇ ಇರಲಿ.

ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವಂಥದ್ದು) ಆದರೆ ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ. ಜ್ಯಾಕ್ ಸಿಕ್ಕಿಸಿದ್ದಷ್ಟು ಹೊತ್ತೂ ಒಳಗಿನ 9 ವೋಲ್ಟ್ ಬ್ಯಾಟರಿ ಸುಮ್ನೆ ಖರ್ಚಾಗುತ್ತಿರುತ್ತದೆ.