ಹೊಸ ಗಿಟಾರ್ ಕೊಳ್ಳುವ ಮುಂಚೆ: ತಪ್ಪು ವಾದ್ಯದ್ದೋ, ಕೈಯದ್ದೋ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆಯೇನೋ ಸರಿ, ಆದರೆ ಕೆಲವು ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ, ಅಲ್ವಾ? ನುರಿತವರು ಕೆಟ್ಟ ವಾದ್ಯದಲ್ಲೂ ಹೇಗೋ ಸಂಭಾಳಿಸಿಬಿಡುತ್ತಾರೆ. ಹೊಸಬರು ಮಾತ್ರ ಸಂಗೀತ ನಮ್ಮ ಹಣೆಯಲ್ಲಿ ಬರೆದಿಲ್ಲ ಅಂದುಕೊಂಡು ಬಿಟ್ಟೇ ಬಿಡುತ್ತಾರೆ. ಅದಕ್ಕೇ ಮೊದಲು ಪರೀಕ್ಷೆ ಮಾಡಿ.

ತಂತಿಯಿಂದ ಶುರು ಮಾಡಿ. ತುಕ್ಕು ಹಿಡಿದಿದೆಯಾ, ಬೆರಳಿಗೆ ಒರಟಾಗಿ ಸಿಗುತ್ತದಾ? ಬದಲಾಯಿಸಿ. ಹಳೇ ತಂತಿಯಲ್ಲಿ ನಾದ ಮಂಕಾಗುತ್ತದೆ, ಶ್ರುತಿಯೂ ಸರಿಯಾಗಿ ಕೂರುವುದಿಲ್ಲ. ಎಷ್ಟೋ ಗಿಟಾರ್‌ಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ. ಹೊಸ ತಂತಿ ಮೊದಮೊದಲು ಹಿಗ್ಗುತ್ತಲೇ ಇರುತ್ತದೆ, ಪದೇ ಪದೇ ಶ್ರುತಿ ಮಾಡಬೇಕಾಗುತ್ತದೆ, ಅದಕ್ಕೆ ಸುಮ್ನೆ ವಾದ್ಯವನ್ನು ಬೈಯಬೇಡಿ.

ಆಮೇಲೆ ಫೋನಿನಲ್ಲಿ ಟ್ಯೂನರ್ ಆ್ಯಪ್ ತೆರೆಯಿರಿ. ಒಂದು ತಂತಿಯನ್ನು ಎಲ್ಲೂ ಒತ್ತದೆ ಮೀಟಿ ಶ್ರುತಿ ಮಾಡಿ. ಈಗ ಅದನ್ನೇ 12ನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಪಟ್ಟಿ), ಪಕ್ಕಕ್ಕೆ ಎಳೆಯದೆ ಹಗುರವಾಗಿ ಒತ್ತಿ ಮೀಟಿ. ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ಸ್ವರದ ಏರಿಳಿತವನ್ನು ಟ್ಯೂನರ್ ಸೆಂಟ್ ಅನ್ನುವ ಅಳತೆಯಲ್ಲಿ ತೋರಿಸುತ್ತದೆ, ಒಂದು ಫ್ರೆಟ್‌ನಿಂದ ಪಕ್ಕದ್ದಕ್ಕೆ 100 ಸೆಂಟ್ ಅಂತರ. ನಾಲ್ಕೈದು ಸೆಂಟ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಇಪ್ಪತ್ತು ಸೆಂಟ್ ತಪ್ಪುತ್ತಿದ್ದರೆ ನೀವು ರಾತ್ರಿ ಹಗಲು ಸಾಧನೆ ಮಾಡಿದರೂ ಮೇಲಿನ ಫ್ರೆಟ್‌ಗಳಲ್ಲಿ ಕೇಳಿಸುವುದು ಅಪಸ್ವರವೇ. ಎಲೆಕ್ಟ್ರಿಕ್ ಗಿಟಾರ್ ಆದರೆ, 12ನೇ ಫ್ರೆಟ್‌ನ ಸ್ವರ ಏರಿದ್ದಾಗ ಸ್ಯಾಡಲನ್ನು (ಬ್ರಿಡ್ಜ್ ಮೇಲೆ ತಂತಿಗೆ ಆಸರೆಯಾಗಿರುವ ತುಂಡು) ಹಿಂದಕ್ಕೆ, ಅಂದರೆ ಕತ್ತಿನಿಂದ ದೂರಕ್ಕೆ, ಇಳಿದಿದ್ದಾಗ ಮುಂದಕ್ಕೆ ಸರಿಸಿ. ಅಕೌಸ್ಟಿಕ್ ಆದರೆ ರಿಪೇರಿ ಗೊತ್ತಿರುವವರ ಕೈಗೆ ಕೊಡಿ.

ಅಲ್ಲೇ, 12ನೇ ಫ್ರೆಟ್ ಮೇಲೆ, ತಂತಿ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲ್ ಇಟ್ಟು ನೋಡಿ. ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ 2ರಿಂದ 3 ಮಿಲಿಮೀಟರ್ ಇದ್ದರೆ ಚೆನ್ನ. ಜಾಸ್ತಿ ಎತ್ತರವಿದ್ದರೆ ಒತ್ತುವಾಗ ತಂತಿ ಹಿಗ್ಗಿ ಸ್ವರವೂ ಏರುತ್ತದೆ, ಬೆರಳೂ ಸಾಯುತ್ತದೆ.

ಇನ್ನು ಕೈಯ ಸರದಿ. ಒಂದು ಕಾರ್ಡ್ (ಹಲವು ತಂತಿಗಳಲ್ಲಿ ಒಟ್ಟಿಗೆ ಮೂಡುವ ಸ್ವರಗುಚ್ಛ) ಹಿಡಿದು ಒಂದೊಂದೇ ತಂತಿ ಮೀಟಿ. ಯಾವುದೋ ಒಂದು ಝರ್ ಅಂದರೆ ಬೆರಳನ್ನು ಫ್ರೆಟ್ ಪಟ್ಟಿಯ ಹತ್ತಿರಕ್ಕೆ, ಅದರ ಬೆನ್ನಿಗೇ ತನ್ನಿ. ಸದ್ದು ನಿಂತಿತಾ? ಹಾಗಾದರೆ ಗಿಟಾರ್ ನಿರಪರಾಧಿ. ಯಾರು ನುಡಿಸಿದರೂ ಅದೇ ಜಾಗದಲ್ಲೇ ಝರ್ ಅಂದರೆ ಫ್ರೆಟ್ ಸವೆದಿರಬಹುದು. ನಿಮಗಿಂತ ಚೆನ್ನಾಗಿ ನುಡಿಸುವವರು ಸಿಕ್ಕರೆ ಅದೇ ಗಿಟಾರಲ್ಲಿ ಅದೇ ತುಣುಕು ನುಡಿಸಿಸಿ, ರೆಕಾರ್ಡ್ ಮಾಡಿ ಕೇಳಿ. ಸ್ವಲ್ಪ ನೋವಾಗುತ್ತದೆ, ಆದರೆ ಇದಕ್ಕಿಂತ ನೇರವಾದ ಉತ್ತರ ಬೇರೆ ಸಿಗಲ್ಲ.

ಇಷ್ಟೆಲ್ಲ ಪಾಸಾದ ಮೇಲೂ ದುಬಾರಿ ವಾದ್ಯದ ಕಡೆ ಮನಸ್ಸು ಎಳೆಯುತ್ತಿದೆಯಾ? 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. 21 ಪಿಟೀಲು ವಾದಕರ ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ, ಮಬ್ಬುಗತ್ತಲ ಕೋಣೆಯಲ್ಲಿ ಮೂರು ಹೊಸ ಪಿಟೀಲು, ಮೂರು ಹಳೇ ಇಟಾಲಿಯನ್ ಪಿಟೀಲು ಕೊಟ್ಟರು. ಹೆಚ್ಚು ಜನ ಮೆಚ್ಚಿದ್ದು ಒಂದು ಹೊಸದನ್ನು, ಎಲ್ಲಕ್ಕಿಂತ ಕಡಿಮೆ ಮೆಚ್ಚಿದ್ದು ಹಳೇ ಇಟಾಲಿಯನ್ ಪಿಟೀಲುಗಳಲ್ಲೇ ಅತಿ ಹೆಸರಾದ ಒಂದು ಸ್ಟ್ರಾಡಿವೇರಿಯಸ್ಸನ್ನು! ಹಾಗಂತ ಎಲ್ಲ ವಾದ್ಯವೂ ಒಂದೇ ಅಂತಲ್ಲ, ಆರೂ ಒಳ್ಳೇ ಪಿಟೀಲುಗಳೇ. ಆ ಮಟ್ಟ ದಾಟಿದ ಮೇಲೆ ಹೆಸರಿಗಿಂತ ನಿಮ್ಮ ಕೈಗೆ ಯಾವುದು ಒಗ್ಗುತ್ತದೆ ಅನ್ನುವುದೇ ಮುಖ್ಯ.

ಕೊಳ್ಳಲು ಹೋದಾಗಲೂ ಹೀಗೇ ಮಾಡಿ. ಚೆನ್ನಾಗಿ ಬರುವ ಒಂದೇ ತುಣುಕನ್ನು ಎಲ್ಲದರಲ್ಲೂ ನುಡಿಸಿ, ಕಣ್ಣು ಮುಚ್ಚಿಕೊಂಡು, ಬೆಲೆಯ ಚೀಟಿ ಕೊನೆಗೆ ನೋಡಿ. ನಿಮ್ಮ ಹಳೇ ಗಿಟಾರನ್ನೂ ಜೊತೆಗೆ ಒಯ್ಯಿರಿ. ಹೊಸದರಲ್ಲಿ ಏನು ಜಾಸ್ತಿ ಸಿಗುತ್ತಿದೆ ಅಂತ ಒಂದು ವಾಕ್ಯದಲ್ಲಿ ಹೇಳಲು ಆಗದಿದ್ದರೆ, ಹೊಸ ತಂತಿಯ ಸೆಟ್ ಒಂದನ್ನು ತಗೊಂಡು ವಾಪಸ್ ಬನ್ನಿ.