ವಠಾರದಲ್ಲಿ ಕಟ್ಟಿಕೊಂಡ ಸಂಸಾರ

ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ನಾನು ಟೈಲರ್. 26 ವಾರಗಳ ಹೆರಿಗೆ ರಜೆಯಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ಮುಗಿದಿದ್ದರಿಂದ, ಮಗಳಿಗೆ ನಾಲ್ಕು ತಿಂಗಳು ತುಂಬುತ್ತಿದ್ದಂತೆಯೇ ಮತ್ತೆ ಮೆಷಿನ್ ಮುಂದೆ ಕೂರಬೇಕಾಯಿತು. ಗಂಡ ಮನೆ ಬಿಟ್ಟು ಹೋಗಿದ್ದ; ತವರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಶಿಶುವಿಹಾರ ಇರಲೇಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ನಮ್ಮಲ್ಲಿಯೂ ಇತ್ತು, ಆದರೆ ವರ್ಷ ತುಂಬದ ಕೂಸನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ.

ಅದೇ ವಠಾರದ ಪಕ್ಕದ ಮನೆಯಲ್ಲಿ ಸಿಂಧನೂರು ಕಡೆಯ ಹುಡುಗಿಯೊಬ್ಬಳಿದ್ದಳು. ಕಟ್ಟಡದ ಕೆಲಸದಲ್ಲಿ ಬಿದ್ದು ಗಂಡ ತೀರಿಕೊಂಡ ಮೇಲೆ, ಇನ್ನೂ ಹಾಲು ಕುಡಿಯುವ ಮಗನನ್ನು ಕಟ್ಟಿಕೊಂಡು, ಸೀರೆಗಳಿಗೆ ಕುಚ್ಚು ಹಾಕಿ ಜೀವನ ನಡೆಸುತ್ತಿದ್ದಳು. "ಅಕ್ಕಾ, ಕೂಸನ್ನ ನನ್ನ ಕಡಿ ಬಿಟ್ಟು ಹೋಗ್ರಿ. ಒಂದನ್ನ ನೋಡಾಕಿ ಎರಡು ನೋಡ್ಲಾರೆನೇನು?" ಎಂದು ತಾನಾಗಿಯೇ ಕೇಳಿದಳು. ಹಣ ಬೇಡವೆಂದಳು, ನಾನು ಒಪ್ಪಲಿಲ್ಲ. ಎರಡು ಮಕ್ಕಳ ನಡುವೆ ಅವಳು ಕಳೆದುಕೊಳ್ಳುವ ಕುಚ್ಚಿನ ಕೂಲಿಯಷ್ಟನ್ನಾದರೂ ನನ್ನ ಸಂಬಳದಿಂದ ತುಂಬಿಕೊಡಬೇಕೆಂದು ಹಟ ಹಿಡಿದೆ. ಸ್ನೇಹದ ಹೆಸರಿನಲ್ಲಿ ಒಬ್ಬಳ ದುಡಿಮೆಯನ್ನು ಇನ್ನೊಬ್ಬಳು ಉಣ್ಣಬಾರದೆಂಬ ಮಾತಿನಲ್ಲಿ ನಾನು ಇವತ್ತಿಗೂ ಗಟ್ಟಿ.

ಕೆಲವು ತಿಂಗಳಲ್ಲಿ ಎರಡು ಬಾಡಿಗೆ ದಂಡವೆನಿಸಿ ಒಂದೇ ಮನೆಗೆ ಬಂದೆವು. ಬಾಡಿಗೆ, ಗ್ಯಾಸು, ಅಕ್ಕಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ತಿಂಗಳ ಕೊನೆಗೆ ಸಮ ಮಾಡುತ್ತಿದ್ದೆವು. ಮಕ್ಕಳ ಔಷಧಿಯನ್ನು ಮಾತ್ರ ಯಾರ ಕೈಯಲ್ಲಿ ದುಡ್ಡಿತ್ತೋ ಅವರು ತರುವುದು, ಬರೆಯುವುದಿಲ್ಲ. ಬಾಟಲಿ ಹಿಡಿಯದೆ ಹಟ ಮಾಡುತ್ತಿದ್ದ ನನ್ನ ಮಗಳಿಗೆ ಮೊದಮೊದಲು ಅವಳೇ ಹಾಲೂಡಿಸಿದಳು. ಅದನ್ನು ಯಾವ ಪುಸ್ತಕದಲ್ಲಿ ಬರೆಯುವುದು?

ಅಂಬೆಗಾಲಿಡುವ ಇಬ್ಬರು ಮಕ್ಕಳಿರುವ ಒಂದೇ ಕೋಣೆಯಲ್ಲಿ ಸೂಜಿಯ ಕೆಲಸ ಮಾಡುವುದು ಭಯದ ಸಂಗತಿಯಾಗಿತ್ತು. ನಮ್ಮ ಕಾರ್ಖಾನೆಯಲ್ಲಿ ಮುರಿದ ಸೂಜಿಯ ಚೂರುಗಳನ್ನೆಲ್ಲ ಹುಡುಕಿ ಒಪ್ಪಿಸದ ಹೊರತು ಹೊಸ ಸೂಜಿ ಕೊಡುವುದಿಲ್ಲ. ಆ ನಿಯಮವನ್ನೇ ಮನೆಗೆ ತಂದೆ. ಸೀರೆಯ ಸೆರಗನ್ನು ಮಕ್ಕಳ ಕೈಗೆಟುಕದಂತೆ ಕಿಟಕಿಯ ಸರಳಿಗೆ ಎತ್ತಿ ಕಟ್ಟಿ ಅವಳು ನಿಂತೇ ಕುಚ್ಚು ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿದ ನಂತರವೇ ಮಕ್ಕಳನ್ನು ನೆಲಕ್ಕೆ ಬಿಡುತ್ತಿದ್ದೆವು.

ಜಗಳಗಳೂ ಆದವು. ಹೆಚ್ಚಿನವು ಮಕ್ಕಳನ್ನು ಗದರಿಸುವ ವಿಷಯಕ್ಕೆ. ಒಬ್ಬಳು ಗದರಿಸಿದ್ದು ಸರಿಯಿಲ್ಲವೆನಿಸಿದರೂ ಮಕ್ಕಳೆದುರಿಗೆ ಹೇಳದೆ, ಅವರು ಮಲಗಿದ ಮೇಲೆ ಹೇಳುವುದೆಂದು ಮಾಡಿಕೊಂಡೆವು. ಮೂರು ವರ್ಷ ತುಂಬಿದ ಮೇಲೆ ಮಕ್ಕಳು ಅಂಗನವಾಡಿಗೆ ಹೋಗತೊಡಗಿದ್ದರಿಂದ ಹಗಲು ಹಗುರಾಯಿತು. ಸಂಜೆ ಅಂಗನವಾಡಿ ಬಿಟ್ಟಾಗ ಕರೆತರುವುದು ಅವಳ ಪಾಲಿಗೆ, ರಾತ್ರಿಯ ಅಡುಗೆ ನನ್ನ ಪಾಲಿಗೆ.

ಅವಳು ಊರಿಗೆ ಹೋಗಿದ್ದಾಗ ಅವಳ ಮಗನಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. "ನೀವು ಮಗುವಿಗೆ ಏನಾಗಬೇಕು?" ಎಂದು ಕೇಳಿದರು. "ದೊಡ್ಡಮ್ಮ" ಎಂದೆ, ಮಗನೂ ಹಾಗೆಯೇ ಕರೆಯುವುದು. ಆದರೆ ಸಹಿ ತಾಯಿಯದೇ ಆಗಬೇಕೆಂದರು. ಅವಳು ರಾತ್ರಿ ಬಸ್ಸು ಹಿಡಿದು ಬಂದಳು. ಮಗ ಗುಣವಾದ ಮೇಲೆ ಇಬ್ಬರೂ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋದೆವು. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ. ವಿಧವೆಯಾದ ತಾಯಿ ತನ್ನ ನಂತರ ಮಗುವಿನ ಪಾಲಕರು ಯಾರೆಂದು ಉಯಿಲಿನಲ್ಲಿ ಬರೆಯಬಹುದೆಂದು 1956ರ ಹಿಂದೂ ಪಾಲಕತ್ವ ಕಾಯ್ದೆ ಹೇಳುತ್ತದೆಂದು ಅಲ್ಲಿಯೇ ತಿಳಿದದ್ದು. ಇಬ್ಬರು ಸಾಕ್ಷಿಗಳ ಎದುರು ಅವಳು ನನ್ನ ಹೆಸರು ಬರೆದಳು. ನನ್ನ ಮಗಳ ತಂದೆ ಎಲ್ಲೋ ಬದುಕಿರುವುದರಿಂದ ನನ್ನ ದಾರಿ ಅಷ್ಟು ಸರಳವಲ್ಲ. ಅದಕ್ಕೆ ಬೇಕಾದ ಕಾಗದಗಳನ್ನು ಈಗ ಒಂದೊಂದಾಗಿ ಕೂಡಿಸುತ್ತಿದ್ದೇವೆ.