ನೀರಿಗಿಳಿದ ಕಲ್ಲಿನ ತೂಕ ಎಲ್ಲಿ ಹೋಯಿತು?

ತುಂಬಿದ ಕೊಡ ಬಾವಿಯ ನೀರಿನೊಳಗೆ ಇರುವವರೆಗೆ ಹಗ್ಗ ಹಗುರವಾಗಿ ಬರುತ್ತದೆ, ಕೊಡದ ಬುಡ ನೀರನ್ನು ಬಿಟ್ಟ ಕೂಡಲೇ ತೋಳಿಗೆ ಭಾರ ಬೀಳುತ್ತದೆ; ನೀರು ಸೇದಿದವರಿಗೆಲ್ಲ ಇದು ಗೊತ್ತು. ಈ ವ್ಯತ್ಯಾಸ ಎಷ್ಟು ಗ್ರಾಂ ಎಂಬುದನ್ನು ಮನೆಯಲ್ಲೇ ಅಳೆಯಬಹುದು. ಅದಕ್ಕೆ ದಪ್ಪನೆಯ ರಬ್ಬರ್ ಬ್ಯಾಂಡ್, ಅಡಿಪಟ್ಟಿ, ದಾರ, ತೆಳುವಾದ ಪ್ಲಾಸ್ಟಿಕ್ ಚೀಲ, ಅಳತೆಯ ಲೋಟ ಮತ್ತು ಮೂಸಂಬಿ ಗಾತ್ರದ ಒಂದು ಕಲ್ಲು ಸಾಕು.

ಮೊದಲು ತಕ್ಕಡಿಯನ್ನು ಸಿದ್ಧಪಡಿಸಬೇಕು. ರಬ್ಬರ್ ಬ್ಯಾಂಡನ್ನು ಮೊಳೆಗೆ ತೂಗುಹಾಕಿ, ಪಕ್ಕದಲ್ಲಿ ಅಡಿಪಟ್ಟಿಯನ್ನು ನೆಟ್ಟಗೆ ಅಂಟಿಸಿ. ಒಂದು ಮಿಲಿಲೀಟರ್ ನೀರಿನ ತೂಕ ಒಂದು ಗ್ರಾಂ ಆದುದರಿಂದ ಬೇರೆ ತೂಕದ ಬಟ್ಟು ಬೇಕಿಲ್ಲ. ಚೀಲಕ್ಕೆ 100 ಮಿಲಿಲೀಟರಿನಂತೆ 500ರವರೆಗೆ ನೀರು ಸೇರಿಸುತ್ತಾ, ಪ್ರತಿ ಬಾರಿಯೂ ರಬ್ಬರಿನ ಉದ್ದವನ್ನು ಬರೆದುಕೊಂಡು ನಕ್ಷೆ ಕಾಗದದಲ್ಲಿ ಗುರುತಿಸಿ.

ಎಳೆದಷ್ಟೂ ಅದೇ ಅನುಪಾತದಲ್ಲಿ ಹಿಗ್ಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಉಕ್ಕಿನ ಸ್ಪ್ರಿಂಗು ತನ್ನ ಮಿತಿಯೊಳಗೆ ಈ ನಿಯಮವನ್ನು ಚೆನ್ನಾಗಿಯೇ ಪಾಲಿಸುತ್ತದೆ, ರಬ್ಬರು ಅಷ್ಟು ವಿಧೇಯವಲ್ಲ. ಆದ್ದರಿಂದ ನಕ್ಷೆಯ ಗುರುತುಗಳು ಸರಳರೇಖೆಯಲ್ಲಿ ಬರದಿದ್ದರೆ ಬಲವಂತವಾಗಿ ಗೆರೆ ಎಳೆಯದೆ, ಅವು ಬಾಗಿದಂತೆಯೇ ಸೇರಿಸಿ.

ಈಗ ಕಲ್ಲನ್ನು ದಾರದಿಂದ ಕಟ್ಟಿ ತೂಗುಬಿಡಿ. ರಬ್ಬರಿನ ಉದ್ದವನ್ನು ನಕ್ಷೆಯೊಂದಿಗೆ ಹೋಲಿಸಿದಾಗ 400 ಗ್ರಾಂ ಬಂದಿತೆಂದುಕೊಳ್ಳೋಣ. ಮುಂದಿನ ಹಂತದಲ್ಲಿ ಹೆಚ್ಚಿನವರು ತಪ್ಪುವುದು ಒಂದು ಸಣ್ಣ ವಿಷಯದಲ್ಲಿ: ಒಮ್ಮೆ ಹಿಗ್ಗಿದ ರಬ್ಬರು ಭಾರ ಇಳಿಸಿದಾಗ ಪೂರ್ತಿಯಾಗಿ ಹಿಂದಕ್ಕೆ ಬರದೆ ಸ್ವಲ್ಪ ಉದ್ದವಾಗಿಯೇ ಉಳಿಯುತ್ತದೆ. ಹಾಗಾಗಿ ಕಲ್ಲನ್ನು ಕೈಯಿಂದ ಎತ್ತಿ ಹಿಡಿದು, ರಬ್ಬರು ಸಡಿಲವಾಗಲು ಬಿಟ್ಟು, ನೀರಿನ ಪಾತ್ರೆಯನ್ನು ಕೆಳಗಿಟ್ಟ ಮೇಲೆಯೇ ಕಲ್ಲನ್ನು ನಿಧಾನವಾಗಿ ಇಳಿಬಿಡಿ. ಅದು ಪೂರ್ತಿ ಮುಳುಗಿರಬೇಕು, ತಳಕ್ಕೆ ತಾಗಬಾರದು.

ನಮ್ಮ ಕಡೆಯ ಗ್ರಾನೈಟ್ ಕಲ್ಲಾದರೆ ತಕ್ಕಡಿ ಸುಮಾರು 250 ಗ್ರಾಂ ತೋರಿಸುತ್ತದೆ. ಕಡಿಮೆಯಾದ 150 ಗ್ರಾಂ, ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಇದೇ ಆರ್ಕಿಮಿಡೀಸನ ತತ್ವ. 400ನ್ನು 150ರಿಂದ ಭಾಗಿಸಿದರೆ ಬರುವ ಸುಮಾರು 2.7, ಆ ಕಲ್ಲು ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬುದನ್ನು ತಿಳಿಸುತ್ತದೆ.

ಕಲ್ಲನ್ನು ಮೇಲಕ್ಕೆ ತಳ್ಳುವುದು ನೀರಿನ ಒತ್ತಡ. ಆಳಕ್ಕೆ ಹೋದಂತೆ ಒತ್ತಡ ಏರುತ್ತದೆ. ಹತ್ತು ಮೀಟರ್ ಆಳದಲ್ಲಿ ಇಡೀ ವಾಯುಮಂಡಲದ ಒತ್ತಡಕ್ಕೆ ಸಮನಾದಷ್ಟು ಹೆಚ್ಚಾಗಿರುತ್ತದೆ. ಕಲ್ಲಿನ ತಳಭಾಗ ಅದರ ನೆತ್ತಿಗಿಂತ ಕೆಲವು ಸೆಂಟಿಮೀಟರ್ ಆಳದಲ್ಲಿರುವ ಕಾರಣ, ಕೆಳಗಿನಿಂದ ಬರುವ ನೂಕು ಮೇಲಿನಿಂದ ಬರುವುದಕ್ಕಿಂತ ಜಾಸ್ತಿ. ಇನ್ನಷ್ಟು ಆಳಕ್ಕೆ ಇಳಿಸಿದರೆ ಎರಡೂ ಸಮವಾಗಿ ಏರುವುದರಿಂದ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ, ತಕ್ಕಡಿಯ ಮುಳ್ಳೂ (ಇಲ್ಲಿ ರಬ್ಬರಿನ ತುದಿಯೇ ಮುಳ್ಳು) ಕದಲುವುದಿಲ್ಲ.

ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿಯಿದ್ದರೆ ನೀರಿನ ಪಾತ್ರೆಯನ್ನು ಅದರ ಮೇಲಿಟ್ಟು, ಸೊನ್ನೆಗೆ ತಂದು, ಕಲ್ಲನ್ನು ಮತ್ತೆ ತೂಗುಬಿಟ್ಟು ಮುಳುಗಿಸಿ. ಕಲ್ಲು ಪಾತ್ರೆಯನ್ನು ಎಲ್ಲಿಯೂ ಮುಟ್ಟದಿದ್ದರೂ ಆ ತಕ್ಕಡಿಯಲ್ಲಿ ಸುಮಾರು 150 ಗ್ರಾಂ ಕಾಣಿಸುತ್ತದೆ.